ಪ್ರೆಸ್ಬಿಟೇರಿಯನ್ ಸಭಾಡಳಿತವನ್ನು ಅರಿಯಲು ಯಾವ ಗ್ರಂಥದಿಂದ ಆರಂಭಿಸಬೇಕು?

ಬಿಷಪ್ಪರ ಬದಲು ಹಿರಿಯರ ಮಂಡಲಿಗಳು ಆಳುವ ಪ್ರೆಸ್ಬಿಟೇರಿಯನ್ ಕ್ರೈಸ್ತ ಸಭೆಗಳ ಆಡಳಿತಕ್ರಮವನ್ನು ಮೂಲಗ್ರಂಥಗಳಿಂದಲೇ ತಿಳಿಯಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೈಗೆತ್ತಿಕೊಳ್ಳುವುದು ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಅರಿಕೆಯನ್ನು. 1646ರಲ್ಲಿ ಲಂಡನ್ನಿನಲ್ಲಿ ಸಿದ್ಧವಾಗಿ, ಮರುವರ್ಷ ಸ್ಕಾಟ್ಲೆಂಡಿನ ಸಭೆ ಅಂಗೀಕರಿಸಿದ ಈ ಗ್ರಂಥದ ಹೆಸರು ಅಷ್ಟು ದೊಡ್ಡದು. ಆದರೆ ಆಡಳಿತದ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವವರಿಗೆ ಅದು ನಿರಾಸೆಯನ್ನೇ ತರುತ್ತದೆ. 33 ಅಧ್ಯಾಯಗಳಲ್ಲಿ ಸಭಾಶಿಸ್ತಿಗೆ ಮೀಸಲಾದದ್ದು 30ನೆಯದು, ಸಿನೊಡ್‌ಗಳಿಗೆ, ಅಂದರೆ ಹಲವು ಸಭೆಗಳ ಮೇಲಿನ ಮಂಡಲಿಗಳಿಗೆ, ಮೀಸಲಾದದ್ದು 31ನೆಯದು; ಎರಡೂ ಚಿಕ್ಕವು. ಸಭೆಯ ಶಿಸ್ತು ಸಭೆಯ ಅಧಿಕಾರಿಗಳ ಕೈಯಲ್ಲಿದೆ, ಅದು ಸರಕಾರದ ಕೆಲಸವಲ್ಲ ಎಂದು ಅಲ್ಲಿ ಖಚಿತವಾಗಿ ಹೇಳಲಾಗಿದೆ. ಆದರೆ ಆ ಅಧಿಕಾರಿಗಳು ಯಾರು, ಎಷ್ಟು ಬಗೆಯವರು, ಅವರನ್ನು ಆರಿಸುವವರು ಯಾರು ಎಂಬುದಕ್ಕೆ ವಿವರವಾದ ಉತ್ತರವಿಲ್ಲ. 1658ರಲ್ಲಿ ಸ್ವತಂತ್ರ ಸಭೆಗಳವರು (ಪ್ರತಿ ಸಭೆಯೂ ತನ್ನನ್ನು ತಾನೇ ಆಳಬೇಕೆನ್ನುವವರು) ಸೆವಾಯ್ ಎಂಬಲ್ಲಿ ತಮ್ಮದೇ ಅರಿಕೆಯನ್ನು ರಚಿಸುವಾಗ ಇದೇ ಗ್ರಂಥದ ಬಹುಭಾಗವನ್ನು ಉಳಿಸಿಕೊಂಡು, ಸಭಾಡಳಿತಕ್ಕೆ ಸಂಬಂಧಿಸಿದ ಈ ಭಾಗಗಳನ್ನು ಬಿಟ್ಟು ಮುಂದೆ ಸಾಗಲು ಸಾಧ್ಯವಾಯಿತು. ಪ್ರೆಸ್ಬಿಟೇರಿಯನ್ ಆಡಳಿತವನ್ನು ಒಪ್ಪದವರೂ ತಮ್ಮದಾಗಿಸಿಕೊಳ್ಳಬಹುದಾದ ಗ್ರಂಥ ಆ ಆಡಳಿತದ ಕೈಪಿಡಿಯಾಗಲಾರದು. ದೈವಶಾಸ್ತ್ರಕ್ಕಾಗಿ ಅದನ್ನು ಓದಬೇಕು. ಆಡಳಿತಕ್ಕಾಗಿ ಬೇರೆ ಕಡೆ ಹೋಗಬೇಕು.

ಎಲ್ಲಿಗೆ ಹೋಗಬೇಕೆಂಬುದು ಓದುಗರ ಪ್ರಶ್ನೆಯನ್ನು ಅವಲಂಬಿಸಿದೆ. ಈ ಗ್ರಂಥಗಳನ್ನು ತೂಗಿನೋಡಲು ನಾನು ಬಳಸುವ ಅಳತೆಗೋಲು ಒಂದೇ: ಬರೆಯುವಾಗ ಲೇಖಕರ ಎದುರಿಗೆ ನಿಂತಿದ್ದ ಪ್ರತಿವಾದಿ ಯಾರು? ಬಿಷಪ್ಪನ ಎದುರು ಬರೆದ ಗ್ರಂಥ ಹಿರಿಯರ ಸಮಾನತೆಯನ್ನು ಎತ್ತಿಹಿಡಿಯುತ್ತದೆ. ಸ್ವತಂತ್ರ ಸಭೆಯವರ ಎದುರು ಬರೆದದ್ದು ಮೇಲಿನ ಮಂಡಲಿಗಳ ಅಧಿಕಾರವನ್ನು ಸಮರ್ಥಿಸುತ್ತದೆ. ರಾಜನ ಇಲ್ಲವೇ ಪಾರ್ಲಿಮೆಂಟಿನ ಎದುರು ಬರೆದದ್ದು ಸಭೆಯ ಸ್ವಾತಂತ್ರ್ಯವನ್ನೇ ಉಸಿರಾಗಿಸಿಕೊಂಡಿರುತ್ತದೆ. ಈ ಎದುರಾಳಿಯನ್ನು ಗುರುತಿಸದೆ ಓದಿದರೆ, ಒಂದು ಕಾಲದ ಜಗಳದಲ್ಲಿ ಏರಿದ ದನಿಯನ್ನು ಎಲ್ಲ ಕಾಲದ ವಿಧಿಯೆಂದು ತಪ್ಪು ತಿಳಿಯುವ ಸಂಭವವಿದೆ.

ಯಾವ ಗ್ರಂಥವನ್ನು ತೆರೆಯುವ ಮೊದಲೂ ಕನ್ನಡ ಬೈಬಲನ್ನು ತೆರೆಯುವುದು ಒಳ್ಳೆಯದು. ಅಪೊಸ್ತಲರ ಕೃತ್ಯಗಳು 20ನೆಯ ಅಧ್ಯಾಯದಲ್ಲಿ ಪೌಲನು ಮಿಲೇತದಿಂದ ಎಫೆಸಕ್ಕೆ ಹೇಳಿಕಳುಹಿಸಿ ಸಭೆಯ ಹಿರಿಯರನ್ನು ಕರೆಸುತ್ತಾನೆ. ಇದು 17ನೆಯ ವಚನ. ಬಂದ ಅದೇ ಜನರನ್ನು 28ನೆಯ ವಚನದಲ್ಲಿ ಮಂದೆಯ ಅಧ್ಯಕ್ಷರೆಂದು ಕರೆಯುತ್ತಾನೆ. ತೀತನಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲೂ 5ನೆಯ ವಚನ ಹಿರಿಯರ ನೇಮಕದ ಮಾತಾಡಿ, 7ನೆಯ ವಚನ ಸಭಾಧ್ಯಕ್ಷನ ಗುಣಗಳನ್ನು ಹೇಳುತ್ತದೆ. ಹಿರಿಯ ಎಂಬುದರ ಹಿಂದಿರುವ ಗ್ರೀಕ್ ಪದ ಪ್ರೆಸ್ಬುತೆರೊಸ್. ಅಧ್ಯಕ್ಷ ಎಂಬುದರ ಹಿಂದಿರುವುದು ಎಪಿಸ್ಕೊಪೊಸ್, ಬಿಷಪ್ ಎಂಬ ಮಾತು ಹುಟ್ಟಿದ್ದು ಇದರಿಂದಲೇ. ಹಿರಿಯನೂ ಬಿಷಪ್ಪನೂ ಒಬ್ಬನೇ, ಆದ್ದರಿಂದ ಹಿರಿಯರ ಮೇಲೆ ಬೇರೊಂದು ದರ್ಜೆಯ ಬಿಷಪ್ ಇರಲಾಗದು ಎಂಬುದು ಪ್ರೆಸ್ಬಿಟೇರಿಯನ್ ವಾದದ ಬುಡ. ಮುಂದೆ ಹೇಳುವ ಗ್ರಂಥಗಳಲ್ಲಿ ಹಲವು ಈ ಕೆಲವು ವಚನಗಳ ಸುತ್ತಲೇ ತಿರುಗುತ್ತವೆ.

ಮೊದಲ ಆಯ್ಕೆ ಸ್ಕಾಟ್ಲೆಂಡಿನ ಎರಡು ಶಿಸ್ತಿನ ಗ್ರಂಥಗಳ ನಡುವಿನದು. ಶಿಸ್ತಿನ ಮೊದಲ ಗ್ರಂಥವನ್ನು 1560ರಲ್ಲಿ ಸುಧಾರಕ ಜಾನ್ ನಾಕ್ಸ್ ಮತ್ತು ಅವನ ಐವರು ಸಂಗಡಿಗರು ಬರೆದರು. ಆರು ಜನರ ಹೆಸರೂ ಜಾನ್ ಎಂದೇ. ದೇಶ ಆಗತಾನೇ ಪೋಪನ ಅಧಿಕಾರವನ್ನು ಕಳಚಿಕೊಂಡಿತ್ತು, ಬೋಧಕರ ಕೊರತೆ ತೀವ್ರವಾಗಿತ್ತು, ಆದ್ದರಿಂದ ಇದು ವಾದಗ್ರಂಥಕ್ಕಿಂತ ಹೆಚ್ಚಾಗಿ ದೇಶ ಕಟ್ಟುವ ಯೋಜನೆಯಂತಿದೆ. ಪ್ರತಿ ಪ್ಯಾರಿಷ್‌ಗೂ (ಒಂದು ಸಭೆಯ ವ್ಯಾಪ್ತಿಯ ಪ್ರದೇಶಕ್ಕೂ) ಶಾಲೆ ಬೇಕು, ಬಡವರ ಪೋಷಣೆಯಾಗಬೇಕು, ಹಳೆಯ ಸಭೆಯ ಆದಾಯ ಇವುಗಳಿಗೆ ಸಲ್ಲಬೇಕು ಎಂದು ಅದು ಕೇಳಿತು. ಆ ಆದಾಯವನ್ನು ಅನುಭವಿಸುತ್ತಿದ್ದ ಪಾಳೆಯಗಾರರು ಒಪ್ಪದ ಕಾರಣ ಅದು ಕಾನೂನಿನ ಬಲವನ್ನು ಪಡೆಯಲೇ ಇಲ್ಲ. ಆಡಳಿತದ ವಿಷಯದಲ್ಲಿ ಅದರ ಎರಡು ಮಾತುಗಳು ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತವೆ. ಹಿರಿಯರನ್ನು ಮತ್ತು ಸಭಾಸೇವಕರನ್ನು ಪ್ರತಿ ವರ್ಷ ಹೊಸದಾಗಿ ಚುನಾಯಿಸಬೇಕು, ಏಕೆಂದರೆ ಬಹುಕಾಲ ಅದೇ ಸ್ಥಾನದಲ್ಲಿ ಉಳಿದವರು ಸಭೆಯ ಸ್ವಾತಂತ್ರ್ಯದ ಮೇಲೆ ಕೈಹಾಕಬಹುದು ಎಂಬುದು ಒಂದು. ಹಿರಿಯರು ತಮ್ಮ ಬೋಧಕನ ನಡತೆ, ಶ್ರದ್ಧೆ, ಓದು ಇವುಗಳ ಮೇಲೂ ಕಣ್ಣಿಡಬೇಕು, ಅಗತ್ಯವಾದರೆ ಎಚ್ಚರಿಸಬೇಕು ಎಂಬುದು ಇನ್ನೊಂದು. ಅಧಿಕಾರ ಕೈಯಲ್ಲಿ ಕೂತಷ್ಟೂ ಕೆಡುತ್ತದೆ ಎಂಬ ಅರಿವು 460 ವರ್ಷಗಳ ಹಿಂದಿನ ಈ ಪುಟಗಳಲ್ಲಿ ಎಷ್ಟು ನೇರವಾಗಿದೆಯೆಂದರೆ, ಸಭೆಯ ಯಾವುದೇ ಸಮಿತಿಯಲ್ಲಿ ಕುಳಿತವರು ಇದನ್ನು ಓದಲೇಬೇಕು.

ಆದರೂ ಇದು ಪೂರ್ಣ ಪ್ರೆಸ್ಬಿಟೇರಿಯನ್ ವ್ಯವಸ್ಥೆಯಲ್ಲ. ಬೋಧಕರು ಕಡಿಮೆ ಇದ್ದುದರಿಂದ ಪ್ರದೇಶಕ್ಕೊಬ್ಬ ಸೂಪರಿಂಟೆಂಡೆಂಟ್ ಬೇಕೆಂದು ಅದು ಹೇಳಿತು. ಹತ್ತು ಜನರ ಯೋಜನೆಯಲ್ಲಿ ನೇಮಕವಾದವರು ಐವರು ಮಾತ್ರ. ಈತ ಹಳೆಯ ಬಿಷಪ್ಪನಂತೆ ಪ್ರಭುವಲ್ಲ, ತಪ್ಪಿದರೆ ಬೋಧಕರಿಂದಲೂ ಹಿರಿಯರಿಂದಲೂ ತಿದ್ದಿಸಿಕೊಳ್ಳಬೇಕಾದವನು. ಬೋಧಕರನ್ನು ನೇಮಿಸುವಾಗ ತಲೆಯ ಮೇಲೆ ಕೈಯಿಡುವ ಪದ್ಧತಿಯೂ ಅಗತ್ಯವಿಲ್ಲವೆಂದು ಈ ಗ್ರಂಥ ಹೇಳಿತು. ಅಪೊಸ್ತಲರ ಕಾಲದ ಅದ್ಭುತ ನಿಂತುಹೋಗಿರುವಾಗ ಆ ವಿಧಿ ಏತಕ್ಕೆ ಎಂಬುದು ಅದರ ಪ್ರಶ್ನೆ.

1578ರ ಶಿಸ್ತಿನ ಎರಡನೆಯ ಗ್ರಂಥದಲ್ಲಿ ದನಿಯೇ ಬದಲಾಗಿದೆ. ಆಂಡ್ರೂ ಮೆಲ್ವಿಲ್ ಅದರ ಹಿಂದಿನ ಮುಖ್ಯ ಶಕ್ತಿ. ಎದುರಾಳಿ ಈಗ ಪೋಪನಲ್ಲ, ಬಿಷಪ್ಪರ ಮೂಲಕ ಸಭೆಯನ್ನು ಹಿಡಿತದಲ್ಲಿಡಲು ಬಯಸಿದ ರಾಜಸತ್ತೆ. ಆದ್ದರಿಂದ ಗ್ರಂಥ ಆರಂಭದಲ್ಲೇ ಖಡ್ಗದ ಅಧಿಕಾರವನ್ನೂ ಬೀಗದಕೈಗಳ, ಅಂದರೆ ಆತ್ಮಿಕ ಶಿಸ್ತಿನ, ಅಧಿಕಾರವನ್ನೂ ಬೇರ್ಪಡಿಸುತ್ತದೆ: ಮೊದಲನೆಯದು ರಾಜನದು, ಎರಡನೆಯದು ಕ್ರಿಸ್ತನು ತನ್ನ ಸಭೆಗೆ ಕೊಟ್ಟದ್ದು. ಸೂಪರಿಂಟೆಂಡೆಂಟ್ ಇಲ್ಲಿಲ್ಲ. ಬೋಧಕ, ಉಪಾಧ್ಯಾಯ, ಹಿರಿಯ, ಸಭಾಸೇವಕ ಎಂಬ ನಾಲ್ಕು ಸೇವಾಸ್ಥಾನಗಳಿವೆ, ಕೈಯಿಡುವ ವಿಧಿ ಮರಳಿ ಬಂದಿದೆ, ಹಿರಿಯನ ಸ್ಥಾನ ವರ್ಷದ ಚುನಾವಣೆಯದಲ್ಲದೆ ಜೀವನಪರ್ಯಂತದ ಕರೆಯಾಗಿದೆ. ಮೆಲ್ವಿಲ್‌ನ ಮನೋಧರ್ಮವನ್ನು ಕಾಣಲು 1596ರ ಒಂದು ಘಟನೆ ಸಾಕು. ಫಾಕ್‌ಲೆಂಡ್ ಅರಮನೆಯಲ್ಲಿ ಅವನು ಆರನೆಯ ಜೇಮ್ಸ್ ದೊರೆಯ ಅಂಗಿಯ ತೋಳನ್ನು ಹಿಡಿದೆಳೆದು, ನೀನು ದೇವರ ಬಡ ಸೇವಕ, ಸ್ಕಾಟ್ಲೆಂಡಿನಲ್ಲಿ ಎರಡು ರಾಜ್ಯಗಳೂ ಇಬ್ಬರು ರಾಜರೂ ಇದ್ದಾರೆ, ಕ್ರಿಸ್ತನ ರಾಜ್ಯದಲ್ಲಿ ನೀನು ದೊರೆಯಲ್ಲ, ಬರಿಯ ಒಬ್ಬ ಸದಸ್ಯ ಎಂದ. ಈ ಮಾತು ಅವನ ಅಣ್ಣನ ಮಗನ ದಿನಚರಿಯಲ್ಲಿ ದಾಖಲಾಗಿದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪ್ರೆಸ್ಬಿಟರಿ ಎಂದು ಇಂದು ನಾವು ಗುರುತಿಸುವ ಮಂಡಲಿ, ಅಂದರೆ ಒಂದು ಪ್ರದೇಶದ ಹಲವು ಸಭೆಗಳ ಬೋಧಕರೂ ಹಿರಿಯರೂ ಸೇರುವ ಮಂಡಲಿ, ಈ ಗ್ರಂಥದಲ್ಲಿ ಪ್ರತ್ಯೇಕ ಮೆಟ್ಟಿಲಾಗಿ ರೂಪುಗೊಂಡಿಲ್ಲ. ಒಂದು ಅಥವಾ ಹೆಚ್ಚು ಸಭೆಗಳ ಮಂಡಲಿ, ಪ್ರಾಂತದ ಮಂಡಲಿ, ರಾಷ್ಟ್ರದ ಮಂಡಲಿ, ಎಲ್ಲ ರಾಷ್ಟ್ರಗಳ ಮಂಡಲಿ ಎಂಬ ನಾಲ್ಕನ್ನು ಅದು ಹೇಳುತ್ತದೆ. 1581ರಲ್ಲಿ ಸ್ಕಾಟ್ಲೆಂಡ್ ಸಭೆಯ ಅತ್ಯುನ್ನತ ಮಂಡಲಿಯಾದ ಜನರಲ್ ಅಸೆಂಬ್ಲಿ 13 ಪ್ರೆಸ್ಬಿಟರಿಗಳನ್ನು ಮಾದರಿಯಾಗಿ ಸ್ಥಾಪಿಸಿದ ಮೇಲೆ ಈ ಮೆಟ್ಟಿಲು ಗಟ್ಟಿಯಾಯಿತು, 1592ರ ಕಾಯಿದೆಯಲ್ಲಿ ಪಾರ್ಲಿಮೆಂಟಿನ ಮನ್ನಣೆಯೂ ದೊರೆಯಿತು. ಎರಡರಲ್ಲಿ ಒಂದನ್ನೇ ಓದಲು ಸಮಯವಿದ್ದರೆ ಎರಡನೆಯದನ್ನು ಓದಬೇಕೆಂದು ಸಾಮಾನ್ಯವಾಗಿ ಸಲಹೆ ಕೊಡುತ್ತಾರೆ. ವ್ಯವಸ್ಥೆಯ ಅಸ್ಥಿಪಂಜರ ತಿಳಿಯಲು ಅದು ಸರಿ. ಆ ವ್ಯವಸ್ಥೆ ಯಾರಿಗಾಗಿ, ಯಾವ ಬಡ ಪ್ಯಾರಿಷ್‌ಗಾಗಿ ಎಂಬ ಕಾಳಜಿ ಮೊದಲನೆಯದರಲ್ಲೇ ಹೆಚ್ಚು ಬೆಚ್ಚಗಿದೆ.

ಎರಡನೆಯ ಆಯ್ಕೆ ವೆಸ್ಟ್‌ಮಿನ್‌ಸ್ಟರ್ ಮಂಡಲಿಯ ಬರಹಗಳೊಳಗಿನದು. 1643ರ ಜುಲೈ 1ರಂದು ಸೇರಿದ ಈ ಮಂಡಲಿಗೆ ಇಂಗ್ಲೆಂಡಿನ ಪಾರ್ಲಿಮೆಂಟ್ 121 ದೈವಶಾಸ್ತ್ರಜ್ಞರನ್ನೂ 30 ಮಂದಿ ಪಾರ್ಲಿಮೆಂಟ್ ಸದಸ್ಯರನ್ನೂ ನೇಮಿಸಿತ್ತು. ಸ್ಕಾಟ್ಲೆಂಡಿನಿಂದ ಬಂದು ಮತವಿಲ್ಲದೆ ಚರ್ಚೆಯಲ್ಲಿ ಭಾಗವಹಿಸಿದವರಲ್ಲಿ ಅಲೆಕ್ಸಾಂಡರ್ ಹೆಂಡರ್‌ಸನ್, ಸ್ಯಾಮ್ಯುಯೆಲ್ ರದರ್‌ಫರ್ಡ್, ರಾಬರ್ಟ್ ಬೇಲಿ, ಜಾರ್ಜ್ ಗಿಲೆಸ್ಪಿ ಪ್ರಮುಖರು. ವಿಶ್ವಾಸ ಅರಿಕೆ, 196 ಪ್ರಶ್ನೆಗಳ ದೊಡ್ಡ ಪ್ರಶ್ನೋತ್ತರ, 107 ಪ್ರಶ್ನೆಗಳ ಚಿಕ್ಕ ಪ್ರಶ್ನೋತ್ತರ ಇವು ಪ್ರಸಿದ್ಧ. ಆಡಳಿತವನ್ನು ಅರಿಯಬೇಕಾದವರಿಗೆ ಬೇಕಾದದ್ದು ಇವುಗಳ ಜೊತೆಗೆ ಅಚ್ಚಾಗುತ್ತ ಬಂದ, ಕಡಿಮೆ ಜನ ಓದುವ ‘ಪ್ರೆಸ್ಬಿಟೇರಿಯನ್ ಸಭಾಡಳಿತದ ಕ್ರಮ’ ಎಂಬ ಚಿಕ್ಕ ದಾಖಲೆ; ಸ್ಕಾಟ್ಲೆಂಡಿನ ಜನರಲ್ ಅಸೆಂಬ್ಲಿ ಅದನ್ನು 1645ರಲ್ಲಿ ಒಪ್ಪಿತು.

ಇದನ್ನು ಪದಪದವಾಗಿ ಓದಬೇಕು. ಸಭೆಯನ್ನು ಹಲವು ಬಗೆಯ ಮಂಡಲಿಗಳು ಆಳುವುದು ನ್ಯಾಯವಾದದ್ದು, ದೇವರ ವಾಕ್ಯಕ್ಕೆ ಹೊಂದುವಂಥದು ಎಂದು ಅದು ಹೇಳುತ್ತದೆ. ದೇವರು ಇದನ್ನೇ ವಿಧಿಸಿದ್ದಾನೆ ಎನ್ನುವುದಿಲ್ಲ. ಹಿರಿಯರ ಬಗ್ಗೆ ಹೇಳುವಾಗಲೂ ಅವರನ್ನು ಇತರ ಸಭಾಡಳಿತಗಾರರು ಎಂದು ಕರೆದು, ಸುಧಾರಿತ ಸಭೆಗಳು ಇವರನ್ನು ಸಾಮಾನ್ಯವಾಗಿ ಹಿರಿಯರೆನ್ನುತ್ತವೆ ಎಂದು ಸೇರಿಸುತ್ತದೆ. ಈ ಹಿಂಜರಿಕೆ ಅಜಾಗರೂಕತೆಯಲ್ಲ. ಮಂಡಲಿಯೊಳಗೆ ಥಾಮಸ್ ಗುಡ್ವಿನ್, ಫಿಲಿಪ್ ನೈ ಮೊದಲಾದ ಐವರು, ಪ್ರತಿಯೊಂದು ಸಭೆಯೂ ತನ್ನೊಳಗೇ ಪೂರ್ಣವಾದದ್ದು, ಮೇಲಿನ ಮಂಡಲಿ ಸಲಹೆ ಕೊಡಬಹುದೇ ಹೊರತು ತೀರ್ಪು ಹೇರಬಾರದು ಎಂದು ವಾದಿಸುತ್ತಿದ್ದರು. 1644ರ ಆರಂಭದಲ್ಲಿ ತಮ್ಮ ನಿಲುವನ್ನು ಅಚ್ಚುಮಾಡಿಸಿ ಪಾರ್ಲಿಮೆಂಟಿನ ಮುಂದಿಟ್ಟರು. ಇನ್ನೊಂದು ಕಡೆ ಜಾನ್ ಸೆಲ್ಡನ್‌ನಂಥ ಪಂಡಿತರು ಬಹಿಷ್ಕಾರದ ಅಧಿಕಾರವೇ ಸಭೆಗಿಲ್ಲ, ಅದು ರಾಜ್ಯಕ್ಕೆ ಸೇರಿದ್ದು ಎನ್ನುತ್ತಿದ್ದರು. ಎರಡು ಬದಿಯ ಒತ್ತಡದ ನಡುವೆ ಎಲ್ಲರೂ ಕೈಯೆತ್ತಬಹುದಾದ ಪದವನ್ನು ಹುಡುಕಿದಾಗ ಸಿಕ್ಕಿದ್ದು ‘ಹೊಂದುವಂಥದು’ ಎಂಬ ಮಾತು. ವ್ಯವಸ್ಥೆಯ ಬಗ್ಗೆ ಕೊಂಚ ಮೃದುವಾಗಿ ಯೋಚಿಸುವವರಿಗೆ ಈ ಮಾತು ಬಲ ಕೊಡುತ್ತದೆ. ಇದು ದೈವವಿಧಿಯೇ ಎಂದು ನಂಬುವವರು ಈ ದಾಖಲೆಯನ್ನು ಬಿಟ್ಟು ಗಿಲೆಸ್ಪಿಯ ಕಡೆಗೆ ತಿರುಗುತ್ತಾರೆ.

ಆ ಚರ್ಚೆಗಳ ಜೀವಂತಿಕೆ ಬೇಕಾದವರಿಗೆ ರಾಬರ್ಟ್ ಬೇಲಿಯ ಪತ್ರಗಳಿವೆ. ಚಳಿಗಾಲದಲ್ಲಿ ಮಂಡಲಿ ಜೆರೂಸಲೇಮ್ ಕೊಠಡಿಗೆ ಸ್ಥಳಾಂತರಗೊಂಡಾಗ ಅಲ್ಲಿ ಒಳ್ಳೆಯ ಬೆಂಕಿ ಉರಿಯುತ್ತಿತ್ತು, ಲಂಡನ್ನಿನಲ್ಲಿ ಅದೊಂದು ದುರ್ಲಭ ಸುಖ ಎಂದು ಬರೆಯುವ ಬೇಲಿ, ಯಾರು ಎಲ್ಲಿ ಕುಳಿತರು, ಯಾರು ಎಷ್ಟು ಹೊತ್ತು ಮಾತಾಡಿದರು, ಒಂದು ವಚನದ ಮೇಲಿನ ವಾದ ಎಷ್ಟು ದಿನ ಎಳೆಯಿತು ಎಂಬುದನ್ನೆಲ್ಲ ಊರಿಗೆ ವರದಿ ಮಾಡುತ್ತಾನೆ. 1841-42ರಲ್ಲಿ ಡೇವಿಡ್ ಲೇಂಗ್ ಮೂರು ಸಂಪುಟಗಳಲ್ಲಿ ಸಂಪಾದಿಸಿದ ಈ ಪತ್ರಗಳನ್ನು ಸಿದ್ಧಾಂತಗ್ರಂಥವೆಂದು ಯಾರೂ ಕರೆಯಲಾರರು. ಸಿದ್ಧಾಂತ ಹೇಗೆ ತಯಾರಾಗುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ಬರಹವನ್ನು ಮಾತ್ರ ನಾನು ಬೇರೆ ಕಂಡಿಲ್ಲ.

ರದರ್‌ಫರ್ಡ್ ಮತ್ತು ಗಿಲೆಸ್ಪಿ ಇಬ್ಬರಲ್ಲಿ ಯಾರನ್ನು ಆರಿಸಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಗಿಲೆಸ್ಪಿ. 1644ರಲ್ಲಿ ರದರ್‌ಫರ್ಡ್ ಪ್ರಕಟಿಸಿದ ‘ಪ್ರೆಸ್ಬಿಟರಿಗಳ ಹಕ್ಕು’ ಸ್ವತಂತ್ರ ಸಭೆಯವರ ಪ್ರತಿಯೊಂದು ಆಕ್ಷೇಪವನ್ನೂ ಹಿಡಿದು ಉತ್ತರಿಸುವ ದಪ್ಪ ಗ್ರಂಥ. ತರ್ಕದ ಮೇಲೆ ತರ್ಕ ಪೇರಿಸುವ ಅದರ ಶೈಲಿಯಲ್ಲಿ ಹೊಸಬರು ದಾರಿ ತಪ್ಪುವುದು ಸಹಜ. ಅದೇ ವರ್ಷದ ‘ಲೆಕ್ಸ್ ರೆಕ್ಸ್’ ಹೆಚ್ಚು ಪ್ರಸಿದ್ಧವಾದರೂ ಅದರ ವಿಷಯ ರಾಜನೂ ಕಾನೂನಿಗೆ ಅಧೀನ ಎಂಬುದು, ಸಭಾಡಳಿತವಲ್ಲ. 1660ರಲ್ಲಿ ರಾಜಪ್ರಭುತ್ವ ಮರಳಿದಾಗ ಅದನ್ನು ಬಹಿರಂಗವಾಗಿ ಸುಡಿಸಿದರು. ರದರ್‌ಫರ್ಡನ ಹೃದಯವನ್ನು ಕಾಣಬೇಕಾದವರು 1636ರಲ್ಲಿ ಅಬರ್ಡೀನಿಗೆ ಗಡೀಪಾರಾದ ಮೇಲೆ ಅವನು ಬರೆದ ಪತ್ರಗಳನ್ನು ಓದಲಿ. ಗಿಲೆಸ್ಪಿ 1648ರಲ್ಲಿ, 35ರ ವಯಸ್ಸಿನಲ್ಲೇ ತೀರಿಕೊಂಡವನು. ಅವನ ‘ಚಿಗುರಿದ ಆರೋನನ ಕೋಲು’ ಎಂಬ 1646ರ ಗ್ರಂಥ ರಾಜ್ಯ ಮತ್ತು ಸಭೆಯ ಅಧಿಕಾರಗಳು ಸ್ವಭಾವದಲ್ಲಿ, ಉದ್ದೇಶದಲ್ಲಿ, ವಿಧಾನದಲ್ಲಿ ಹೇಗೆ ಬೇರೆಬೇರೆ ಎಂಬುದನ್ನು ಕ್ರಮವಾಗಿ ಬಿಡಿಸಿಡುತ್ತದೆ. ಅದೂ ಸುಲಭವಲ್ಲ, ಆದರೆ ಎದುರಾಳಿ ಸ್ಪಷ್ಟವಾಗಿರುವುದರಿಂದ ವಾದದ ಎಳೆ ಕೈತಪ್ಪುವುದಿಲ್ಲ.

ಹದಿನೇಳನೆಯ ಶತಮಾನದ ಭಾಷೆಯೇ ತೊಡಕೆನ್ನುವವರು ನೇರವಾಗಿ ಹತ್ತೊಂಬತ್ತನೆಯ ಶತಮಾನಕ್ಕೆ ಬರಬಹುದು. ಆದರೆ ಆ ಕಾಲದ ಪುಸ್ತಕಗಳ ಹಿಂದೆ ಒಂದು ಪ್ಯಾರಿಷ್‌ನ ಕಥೆಯಿದೆ, ಅದನ್ನು ತಿಳಿದಿರಬೇಕು. 1834ರಲ್ಲಿ ಆಖ್ಟರಾರ್ಡರ್ ಎಂಬ ಪ್ಯಾರಿಷ್‌ಗೆ ಅಲ್ಲಿಯ ಪೋಷಕ ಜಮೀನುದಾರನು ತನ್ನ ಹಕ್ಕಿನಂತೆ ಒಬ್ಬ ಬೋಧಕನನ್ನು ಸೂಚಿಸಿದ. ಸಭೆಯಲ್ಲಿದ್ದ 330 ಕುಟುಂಬ ಮುಖ್ಯಸ್ಥರಲ್ಲಿ 287 ಮಂದಿ ಅವನು ಬೇಡವೆಂದರು. ಅವನನ್ನು ಕರೆಯುವ ಪತ್ರಕ್ಕೆ ಸಹಿ ಹಾಕಿದ ಪ್ಯಾರಿಷ್‌ನವರು ಇಬ್ಬರೇ. ಸಭೆಗೆ ಹೀಗೆ ನಿರಾಕರಿಸುವ ಹಕ್ಕನ್ನು ಜನರಲ್ ಅಸೆಂಬ್ಲಿ ಅದೇ ವರ್ಷ ಕೊಟ್ಟಿತ್ತು, ಆದರೆ ಮೊಕದ್ದಮೆ ಮೇಲೇರಿ 1839ರಲ್ಲಿ ಹೌಸ್ ಆಫ್ ಲಾರ್ಡ್ಸ್ ಪೋಷಕನ ಪರವಾಗಿ ತೀರ್ಪು ಕೊಟ್ಟಿತು. 1843ರ ಮೇ 18ರಂದು ಎಡಿನ್‌ಬರೋದಲ್ಲಿ ಜನರಲ್ ಅಸೆಂಬ್ಲಿಯ ಅಧಿವೇಶನದಿಂದ ಎದ್ದು ಹೊರನಡೆದವರು ಥಾಮಸ್ ಚಾಮರ್ಸ್ ಅವರನ್ನು ಅಧ್ಯಕ್ಷರನ್ನಾಗಿಸಿಕೊಂಡು ಫ್ರೀ ಚರ್ಚನ್ನು ಕಟ್ಟಿದರು. ಮನೆ, ಸಂಬಳ, ಆರಾಧನಾಲಯ ಎಲ್ಲವನ್ನೂ ಬಿಟ್ಟು ಬಂದ ಬೋಧಕರ ಸಂಖ್ಯೆ ಸುಮಾರು 470. ಭಾರತದಲ್ಲಿದ್ದ ಅವರ ಮಿಷನರಿಗಳೂ, ಕಲ್ಕತ್ತೆಯ ಅಲೆಕ್ಸಾಂಡರ್ ಡಫ್ ಮತ್ತು ಬೊಂಬಾಯಿಯ ಜಾನ್ ವಿಲ್ಸನ್ ಸೇರಿದಂತೆ, ಅವರೊಡನೆಯೇ ನಿಂತರು.

ಈ ಹಿನ್ನೆಲೆಯಲ್ಲಿ ಐರ್ಲೆಂಡಿನ ಥಾಮಸ್ ವಿದರೋ 1856ರಲ್ಲಿ ಬರೆದ ‘ಅಪೊಸ್ತಲರ ಸಭೆ ಯಾವುದು?’ ಎಂಬ ಪುಸ್ತಕವನ್ನೂ, ಎಡಿನ್‌ಬರೋದ ಜೇಮ್ಸ್ ಬ್ಯಾನರ್‌ಮನ್ ತೀರಿಕೊಂಡ ಮೇಲೆ 1869ರಲ್ಲಿ ಎರಡು ಸಂಪುಟಗಳಲ್ಲಿ ಬಂದ ‘ಕ್ರಿಸ್ತನ ಸಭೆ’ಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ವಿದರೋ ಹೊಸ ಒಡಂಬಡಿಕೆಯಿಂದ ಆರು ತತ್ವಗಳನ್ನು ಎತ್ತುತ್ತಾನೆ: ಸೇವಕರನ್ನು ಜನರೇ ಆರಿಸುವುದು, ಹಿರಿಯನೂ ಬಿಷಪ್ಪನೂ ಒಂದೇ ಎಂಬುದು, ಪ್ರತಿ ಸಭೆಗೂ ಹಲವು ಹಿರಿಯರು, ಹಿರಿಯರ ಮಂಡಲಿಯೇ ಕೈಯಿಟ್ಟು ನೇಮಿಸುವುದು, ಮೇಲ್ಮನವಿಯ ಹಕ್ಕು, ಕ್ರಿಸ್ತನೊಬ್ಬನೇ ಸಭೆಯ ಶಿರಸ್ಸು. ಬಿಷಪ್ ಪದ್ಧತಿ, ಸ್ವತಂತ್ರ ಪದ್ಧತಿ, ಪ್ರೆಸ್ಬಿಟೇರಿಯನ್ ಪದ್ಧತಿಗಳನ್ನು ಈ ಆರರ ಎದುರು ನಿಲ್ಲಿಸಿ, ಆರನ್ನೂ ಪಾಲಿಸುವುದು ಕೊನೆಯದೊಂದೇ ಎಂದು ತೀರ್ಮಾನಿಸುತ್ತಾನೆ. ಎರಡು ಸಂಜೆಗಳಲ್ಲಿ ಓದಿ ಮುಗಿಸಬಹುದಾದಷ್ಟು ತಿಳಿಯಾದ ಬರಹ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಕೊರತೆಯೂ ಅಲ್ಲೇ ಇದೆ: ಅಳತೆಯ ಕೋಲನ್ನು ಕಡಿದವರೇ ಅಳೆಯುತ್ತಿರುವಾಗ ಎದುರು ಪಕ್ಷದ ಅತ್ಯುತ್ತಮ ವಾದ ಓದುಗರ ಕಿವಿಗೆ ಬೀಳುವುದಿಲ್ಲ. ಬ್ಯಾನರ್‌ಮನ್ ಆ ಕೊರತೆಯನ್ನು ತುಂಬುತ್ತಾನೆ. ರೋಮಿನ ವಾದವಾಗಲಿ, ಬಿಷಪ್ ಪದ್ಧತಿಯ ವಾದವಾಗಲಿ, ಸ್ವತಂತ್ರ ಸಭೆಯ ವಾದವಾಗಲಿ, ಅವನು ಮೊದಲು ಅದನ್ನು ಬಲವಾಗಿ ಮಂಡಿಸಿ ನಂತರ ಎದುರಿಸುತ್ತಾನೆ. ಒಂದೇ ಗ್ರಂಥವನ್ನು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವವರಿಗೆ ನಾನು ಹೇಳುವುದು ಬ್ಯಾನರ್‌ಮನ್.

ಅಮೆರಿಕದ ಕವಲಿನಲ್ಲಿ ದೈವಶಾಸ್ತ್ರಜ್ಞರಾದ ಚಾರ್ಲ್ಸ್ ಹಾಜ್ ಮತ್ತು ಜೇಮ್ಸ್ ಹೆನ್ಲಿ ಥಾರ್ನ್‌ವೆಲ್ ಇಬ್ಬರ ಭಿನ್ನಾಭಿಪ್ರಾಯ ಒಂದು ವಚನಕ್ಕೆ ಅಂಟಿಕೊಂಡಿದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದ 5ನೆಯ ಅಧ್ಯಾಯದ 17ನೆಯ ವಚನದಲ್ಲಿ, ಚೆನ್ನಾಗಿ ಆಳುವ ಹಿರಿಯರಿಗೂ ಅವರಲ್ಲಿ ವಿಶೇಷವಾಗಿ ಉಪದೇಶದಲ್ಲಿ ದುಡಿಯುವವರಿಗೂ ಇಮ್ಮಡಿ ಮಾನ ಸಲ್ಲಬೇಕೆಂದಿದೆ. ಉಪದೇಶಿಸದ ಹಿರಿಯನೂ ಬೋಧಕನಷ್ಟೇ ಪೂರ್ಣ ಅರ್ಥದಲ್ಲಿ ಪ್ರೆಸ್ಬಿಟರ್ ಎಂದ ಥಾರ್ನ್‌ವೆಲ್. ಅಂಥ ಹಿರಿಯ ಜನರ ಪ್ರತಿನಿಧಿ, ಬೋಧಕನ ದರ್ಜೆ ಬೇರೆ ಎಂದ ಹಾಜ್. ಸಭೆಯ ಕೆಲಸವನ್ನು ನಡೆಸಲು ಬೋರ್ಡುಗಳನ್ನು ರಚಿಸಬಹುದೇ ಎಂಬುದರ ಮೇಲೆ ಅಮೆರಿಕದ 1860ರ ಜನರಲ್ ಅಸೆಂಬ್ಲಿಯಲ್ಲಿ ಇಬ್ಬರೂ ಮುಖಾಮುಖಿಯಾದರು. ಬೈಬಲ್ ಹೇಳದ್ದನ್ನು ಸಭೆ ರಚಿಸುವಂತಿಲ್ಲ ಎಂಬ ಥಾರ್ನ್‌ವೆಲ್‌ನ ತರ್ಕ ಹರಿತವಾಗಿದೆ. ಆದರೆ ಅದೇ ಲೇಖಕ ಗುಲಾಮಗಿರಿಯನ್ನು ಸಮರ್ಥಿಸಿದನೆಂಬುದನ್ನೂ, ಸಭೆ ಆತ್ಮಿಕ ವಿಷಯಗಳ ಆಚೆಗೆ ಬಾಯಿ ತೆರೆಯಬಾರದೆಂಬ ಅವನ ಸಿದ್ಧಾಂತ ಆ ಅನ್ಯಾಯದ ಮುಂದೆ ಸಭೆಯನ್ನು ಮೌನವಾಗಿಸಲು ನೆರವಾಯಿತೆಂಬುದನ್ನೂ ಮರೆತು ಓದಬಾರದು. ಗಿಲೆಸ್ಪಿಯ ಕಾಲದಲ್ಲಿ ಸಭೆಯನ್ನು ಕಾಪಾಡಿದ, ರಾಜ್ಯಕ್ಕೂ ಸಭೆಗೂ ನಡುವಿನ ಗೋಡೆಯೇ ಇಲ್ಲಿ ಸರಪಳಿ ಹೊತ್ತ ಮನುಷ್ಯರನ್ನು ಹೊರಗೆ ನಿಲ್ಲಿಸಿತು.

ವಿಶ್ವಾಸ ಅರಿಕೆಯ ಪ್ರತಿಯನ್ನು ಕೊಳ್ಳುವವರು 23ನೆಯ ಅಧ್ಯಾಯವನ್ನು ಮೊದಲು ತೆರೆದು ನೋಡಲಿ. ಮೂಲಪಾಠದಲ್ಲಿ ಪಾಷಂಡಮತಗಳನ್ನು ಅಡಗಿಸುವುದೂ ಸಿನೊಡ್‌ಗಳನ್ನು ಕರೆಯುವುದೂ ದೊರೆಯ ಅಧಿಕಾರದೊಳಗಿವೆ. 1788ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ನರು ಇದನ್ನು ತಿದ್ದಿ, ಯಾವ ಪಂಗಡಕ್ಕೂ ಪಕ್ಷಪಾತವಿಲ್ಲದೆ ಎಲ್ಲವನ್ನೂ ರಕ್ಷಿಸುವುದು ಸರಕಾರದ ಕರ್ತವ್ಯ ಎಂದು ಬರೆದರು. ಎರಡು ಪಾಠಗಳೂ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ.

ಕನ್ನಡ ನಾಡಿನ ಓದುಗರಿಗೆ ಈ ಆಯ್ಕೆ ದೂರದ್ದಲ್ಲ. 1908ರಲ್ಲಿ ಪ್ರೆಸ್ಬಿಟೇರಿಯನ್ನರೂ ಸ್ವತಂತ್ರ ಸಭೆಗಳವರೂ ಸೇರಿ ದಕ್ಷಿಣ ಭಾರತ ಐಕ್ಯಸಭೆಯನ್ನು ರಚಿಸಿದರು. ಅದು ಆಂಗ್ಲಿಕನ್ ಮತ್ತು ಮೆಥೊಡಿಸ್ಟ್ ಸಭೆಗಳೊಡನೆ ಕೂಡಿ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯಾಯಿತು. ಇಂದು ಕರ್ನಾಟಕದಲ್ಲಿರುವ ಅದರ ಡಯಾಸಿಸ್‌ಗಳಲ್ಲಿ ಬಿಷಪ್ಪರೂ ಇದ್ದಾರೆ, ಸಿನೊಡ್ ಕೂಡ ಇದೆ, ಸಭೆ ಸಭೆಗೂ ಅದರ ಆಡಳಿತ ನೋಡಿಕೊಳ್ಳುವ ಪಾಸ್ಟರೇಟ್ ಕಮಿಟಿಯೂ ಇದೆ. ವಿದರೋ ಒಂದಕ್ಕೊಂದು ಎದುರಾಗಿ ನಿಲ್ಲಿಸಿದ ಮೂರು ಪದ್ಧತಿಗಳು ಇಲ್ಲಿ ಒಂದೇ ಸಂವಿಧಾನದೊಳಗೆ ಬಾಳುತ್ತಿವೆ. ಪಾಸ್ಟರೇಟ್ ಕಮಿಟಿಗೆ ಹೊಸದಾಗಿ ಆಯ್ಕೆಯಾದವರು ಶಿಸ್ತಿನ ಮೊದಲ ಗ್ರಂಥದಲ್ಲಿ ಹಿರಿಯರ ಕುರಿತ ಭಾಗವನ್ನಷ್ಟೇ ಓದಿದರೂ ಸಾಕು. ದೈವಶಾಸ್ತ್ರ ಕಾಲೇಜಿನ ವಿದ್ಯಾರ್ಥಿಗಳು ವಿದರೋನಿಂದ ಆರಂಭಿಸಿ, ಶಿಸ್ತಿನ ಎರಡನೆಯ ಗ್ರಂಥವನ್ನು ಮುಗಿಸಿ, ಬ್ಯಾನರ್‌ಮನ್‌ಗೆ ಹೋಗಲಿ. ಹಾಜ್ ಮತ್ತು ಥಾರ್ನ್‌ವೆಲ್ ಅದಾದ ಮೇಲೆ. ಇತಿಹಾಸದ ಆಸಕ್ತಿಯಿಂದ ಬರುವವರು ನೇರವಾಗಿ ಬೇಲಿಯ ಪತ್ರಗಳನ್ನು ತೆರೆಯಬಹುದು. ಯಾರೇ ಆಗಲಿ, ಎಫೆಸದ ಹಿರಿಯರನ್ನು ಕರೆಸಿದ ಆ ಅಧ್ಯಾಯಕ್ಕೆ ಕನ್ನಡ ಬೈಬಲಿನಲ್ಲಿ ಒಂದು ಗುರುತುಪಟ್ಟಿ ಇಟ್ಟುಕೊಂಡು, ಪ್ರತಿ ಗ್ರಂಥ ಮುಗಿದಾಗಲೂ 17ನೆಯ ಮತ್ತು 28ನೆಯ ವಚನಗಳಿಗೆ ಮರಳಿ ಬರಲಿ.